ಮಹಿಳಾ ವಿವಿಯೊಳಗ ಪಿಜಿ, ಪಿಎಚ್‌ಡಿ: ಕೇಳ್ರಿ, ಮೇಡಂ ಹೇಳ್ತಾರ

ಅಡ್ಮಿನ್, ಧಾರವಾಡ: ಇವತ್ತಿನ ಪ್ರಶ್ನೋತ್ತರ ಮಹಿಳಾ ವಿಶ್ವವಿದ್ಯಾಲಯದ ಪಿಜಿ ಮತ್ತು ಪಿಎಚ್‌ಡಿ ಬಗ್ಗೆ. ಉತ್ತರ ಕೊಡೋರು ಸಮಾಜಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು, ಭಾಳ ಮಂದಿಗೆ ಪಿಎಚ್‌ಡಿ ಗೈಡ್ ಮಾಡಿದವರು. ಒಬ್ಬರು ಒಂದೇ ಪ್ರಶ್ನೆ ಕೇಳ್ರಿ. ಫಾರ್ವರ್ಡ್ ಹಾಕಬ್ಯಾಡ್ರಿ.

ರೋಣದ ಸದಸ್ಯ: ಮೇಡಂರ, ಮಗಳದು ಬಿಎ ಮುಗದೈತಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿ ಡಿಗ್ರಿ ಎಲ್ಲಾ ಕಡೆ ನಡೀತೈತೇನ್ರಿ? ಅದು ಬರೇ ಹೆಣ್ಣಮಕ್ಕಳ ಡಿಗ್ರಿ, ಕೆಪಿಎಸ್‌ಸಿಗೆ ನಡ್ಯಂಗಿಲ್ಲ ಅಂತ ಓಣ್ಯಾಗ ಒಬ್ರು ಅಂದ್ರು.

ಮೇಡಂ: ನಡೀತದ. ಅದು 2003ರಾಗ ಶುರುವಾದ ರಾಜ್ಯ ಸರ್ಕಾರದ ವಿಶ್ವವಿದ್ಯಾಲಯ. 2017ರಾಗ ಅಕ್ಕಮಹಾದೇವಿ ಹೆಸರು ಇಟ್ಟರು. ಕರ್ನಾಟಕ ವಿವಿಯ ಎಂಎಗೆ ಇರೂ ಬೆಲೆನೇ ಅಲ್ಲಿಯ ಎಂಎಗೂ ಅದ. ಕೆಪಿಎಸ್‌ಸಿ, ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಮತ್ತ ಕೆ-ಸೆಟ್, ಬ್ಯಾಂಕ್, ಯಾವುದಕ್ಕೂ ಅಡ್ಡಿ ಇಲ್ಲ. ಮಗಳನ್ನ ಕಳಸ್ರಿ.

ಗದಗಿನ ವಿದ್ಯಾರ್ಥಿನಿ: ಮ್ಯಾಮ್, ನಂದು ಬಿಕಾಂ. ಎಂಎ ಸ್ತ್ರೀ ಅಧ್ಯಯನ ಮಾಡಬೋದಾ? ನೌಕರಿ ಸಿಗ್ತದಾ?

ಮೇಡಂ: ಆ ವಿಷಯಕ್ಕ ಸಾಮಾನ್ಯವಾಗಿ ಯಾವ ಪದವಿ ಆದವರನ್ನೂ ತಗೋತಾರ. ಆ ವರ್ಷದ ಪ್ರವೇಶ ಪ್ರಕಟಣೆ ಓದಿಕೊಂಡು ಅರ್ಜಿ ಹಾಕು. ನೆಟ್‌ನಾಗ ಸ್ತ್ರೀ ಅಧ್ಯಯನ ಬ್ಯಾರೆನೇ ವಿಷಯ, ಅದರಾಗ ಜೆಆರ್‌ಎಫ್ ಅನ್ನೂ ಸಂಶೋಧನಾ ಶಿಷ್ಯವೇತನ ಬಂದ್ರ ತಿಂಗಳಿಗೆ 37,000 ರೂಪಾಯಿ. ಜೆಆರ್‌ಎಫ್ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಮತ್ತ ಐದು ವರ್ಷ ಸಡಿಲಿಕೆ. ಆದ್ರ ಡಿಗ್ರಿ ಕಾಲೇಜಿನಾಗ ಈ ವಿಷಯದ ಹುದ್ದೆ ಭಾಳ ಕಡಿಮಿ. ಎರಡೂ ತೂಗಿ ನೋಡು. ಓದೋ ಹಂಬಲ ಇದ್ರ ಧೈರ್ಯದಿಂದ ಹೋಗು.

ನವಲಗುಂದದ ಸದಸ್ಯೆ: ಮಹಿಳಾ ವಿವಿ ಡಿಗ್ರಿ ವ್ಯಾಲಿಡ್ ಐತೇನ್ರಿ?

ಮೇಡಂ: ಮ್ಯಾಲೆ ಹೇಳೀನಿ. ನಡೀತದ.

ರಾಣೇಬೆನ್ನೂರಿನ ಸದಸ್ಯೆ: ನಮಸ್ಕಾರ ಮೇಡಂ. 2023ರಾಗ ಮಹಿಳಾ ವಿವಿಯೊಳಗ ಪಿಎಚ್‌ಡಿಗೆ ರಜಿಸ್ಟರ್ ಆಗೀನಿ. ಕೋರ್ಸ್‌ವರ್ಕ್ ಪಾಸಾಗೈತಿ. ಆಮ್ಯಾಲೆ ಲಗ್ನ ಆತು, ಗಂಡನ ಮನಿ ಹುಬ್ಬಳ್ಳಿ. ಈಗ ಬಾಣಂತನಕ್ಕ ತವರಮನ್ಯಾಗ ಅದೀನಿ, ಕೂಸಿಗೆ ನಾಕು ತಿಂಗಳು. ಎರಡು ಪ್ರೋಗ್ರೆಸ್ ಮೀಟಿಂಗಿಗೆ ಹೋಗಾಕ ಆಗಿಲ್ಲ. ಗೈಡ್ ಮುಂದಿನ ವರ್ಷ ರಿಟೈರ್ ಆಗ್ತಾರ. ಅತ್ತಿ ಮನ್ಯಾಗ ‘ಸಾಕು ಬಿಡು’ ಅಂತಾರ. ನಮ್ಮ ಮನಿಯವರ ಗೆಳ್ಯಾರೊಬ್ರು, ರೊಕ್ಕ ಕೊಟ್ರ ಆರು ತಿಂಗಳದಾಗ ಥೀಸಿಸ್ ಬರದು ಕೊಡೋರು ಅದಾರ ಅಂದ್ರು. ಏನ್ ಮಾಡ್ಲಿ ತಿಳೀವಲ್ದು.

ಮೇಡಂ: ತಂಗಿ, ಬಿಡಬ್ಯಾಡ. ಮೊದಲು ಒಂದು ಮಾತು ಹೇಳು. ಆ ಎರಡು ಮೀಟಿಂಗಿಗೆ ಬರಲಿಕ್ಕಾಗೂದಿಲ್ಲ ಅಂತ ಬರವಣಿಗಿಯೊಳಗ ತಿಳಿಸಿದ್ದೀಯೇನು? ನನಗ ಚಿಂತಿ ಇರೂದು ಅಲ್ಲೇ. ಕೂಸಿನದಲ್ಲ, ಗೈಡ್ ನಿವೃತ್ತಿದೂ ಅಲ್ಲ. ಸಂಶೋಧನಾ ಸಲಹಾ ಸಮಿತಿ ಪ್ರತಿ ಸೆಮಿಸ್ಟರ್ ಪ್ರಗತಿ ನೋಡತದ. ಪ್ರಗತಿ ಇಲ್ಲ, ಕಾರಣನೂ ಕಡತದಾಗ ಇಲ್ಲ ಅಂದ್ರ ಕಡೀಕೆ ರಜಿಸ್ಟ್ರೇಶನ್ ರದ್ದು ಮಾಡ್ರಿ ಅಂತ ಶಿಫಾರಸು ಮಾಡಲಿಕ್ಕ ಅದಕ್ಕ ಅಧಿಕಾರ ಅದ. ಗೈಡ್ ಎಷ್ಟ ಒಳ್ಳೆಯವರಿದ್ರೂ ಫೋನಿನಾಗ ಹೇಳಿದ ಮಾತು ಕಡತಕ್ಕ ಹೋಗೂದಿಲ್ಲ.

ನೀ 2023ರಾಗ ಸೇರಿದ್ರಿಂದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌ಡಿ ನಿಯಮ ನಿನಗ ಲಾಗೂ ಆಗತದ. ಅದರಾಗ ಹೆಣ್ಣುಮಕ್ಕಳಿಗೆ ಪೂರಾ ಪಿಎಚ್‌ಡಿ ಅವಧಿಯೊಳಗ 240 ದಿವಸದ ತನಕ ಹೆರಿಗೆ ಇಲ್ಲಾ ಶಿಶುಪಾಲನಾ ರಜೆ ಅದ. ಕೇಳಿದ್ರ ಸಿಗತದ, ಕೇಳಲಿಲ್ಲಂದ್ರ ತಾನಾಗೇ ಬರೂದಿಲ್ಲ. ಅವಧಿ ಆರು ವರ್ಷ, ಮರುನೋಂದಣಿ ಮಾಡಿಸಿದ್ರ ಮತ್ತ ಎರಡು, ಹೆಣ್ಣುಮಕ್ಕಳಿಗೆ ಅದರ ಮ್ಯಾಲೆ ಇನ್ನೂ ಎರಡು. ಒಟ್ಟು ಹತ್ತರ ತನಕ ದಾರಿ ಅದ. ನೀ ಇನ್ನೂ ಅರ್ಧ ದಾರೀನೂ ಬಂದಿಲ್ಲ. ‘ಹೊತ್ತಾತು’ ಅಂತ ಯಾರರೆ ಹೆದರಿಸಿದ್ರ ಈ ಲೆಕ್ಕ ತೋರಸು.

ಗೈಡ್ ನಿವೃತ್ತಿ ಅಂದ್ರ ನಿನ್ನ ಕೆಲಸ ಮುಳುಗಿತು ಅಂತಲ್ಲ. ಮೊದಲೇ ನೋಂದಾಯಿಸಿಕೊಂಡವರಿಗೆ ಅವರು ನಿವೃತ್ತಿ ತನಕ ಗೈಡ್ ಆಗಿರಬೋದು, ಆಮೇಲೆ 70 ವಯಸ್ಸಿನ ತನಕ ಸಹ-ಮಾರ್ಗದರ್ಶಕರಾಗಿ ಮುಂದುವರಿಬೋದು. ಮುಖ್ಯ ಗೈಡ್ ಮಾತ್ರ ಬ್ಯಾರೆಯವರು ಬೇಕು. ಪ್ರೊಫೆಸರ್ ಹತ್ರ ಒಂದು ಸಲಕ್ಕ ಎಂಟು ಮಂದಿ, ಸಹ ಪ್ರಾಧ್ಯಾಪಕರ ಹತ್ರ ಆರು, ಸಹಾಯಕ ಪ್ರಾಧ್ಯಾಪಕರ ಹತ್ರ ನಾಕು ಮಂದಿ ಅಷ್ಟೇ ಇರಬೋದು. ಜಾಗ ತುಂಬಿದ ಮ್ಯಾಲೆ ಹುಡುಕಿದ್ರ ತ್ರಾಸು. ಈಗಿಂದನೇ ಕೇಳು.

ಇನ್ನೊಂದು ದಾರಿ ಭಾಳ ಮಂದಿಗೆ ಗೊತ್ತಿಲ್ಲ. ಲಗ್ನ ಆಗಿ ಊರು ಬದಲಾದ್ರ ಮಹಿಳಾ ಸಂಶೋಧಕಿ ತನ್ನ ಸಂಶೋಧನಾ ದತ್ತಾಂಶನ ಹೊಸ ಊರಿನ ವಿಶ್ವವಿದ್ಯಾಲಯಕ್ಕ ಒಯ್ಯಬೋದು ಅಂತ ಅದೇ ನಿಯಮದಾಗ ಅದ. ಕೆಲಸ ಯಾರದೋ ಅನುದಾನದ ಪ್ರಾಜೆಕ್ಟಿಗೆ ಸೇರಿರಬಾರದು, ಹಳೇ ಗೈಡ್ ಮತ್ತ ಸಂಸ್ಥೆಗೆ ಸಲ್ಲಬೇಕಾದ ಮನ್ನಣಿ ಕೊಡಬೇಕು. ಧಾರವಾಡದ ಕರ್ನಾಟಕ ವಿವಿಗೆ ಬರಬೇಕಂದ್ರ ಈ ಕಲಮು ಹಿಡಕೊಂಡು ಕೇಳಬೋದು. ಆದ್ರ ನನ್ನ ಮನಸು ಅವಸರ ಬ್ಯಾಡ ಅಂತದ. ಹೊಸ ಗೈಡ್, ಹೊಸ ಸಮಿತಿ ಅಂದ್ರ ವಿಷಯನೇ ತಿದ್ದಿಸ್ತಾರ. ವಿಜಯಪುರಕ್ಕ ಗದಗ, ಬಾಗಲಕೋಟಿ ಮ್ಯಾಲೆ ರೈಲು ಅದ. ವರ್ಷಕ್ಕ ಕೆಲವು ಸಲ ಕೂಸಿನ ಜೋಡಿ ತಾಯಿನ್ನ ಕರಕೊಂಡು ಹೋಗಿ ಬರೂದು ಸಾಧ್ಯ ಇದ್ರ ಅಲ್ಲೇ ಮುಗಸು.

ಬರೆದು ಕೊಡೋರ ಹತ್ರ ಮಾತ್ರ ಹೋಗಬ್ಯಾಡ. ಕೃತಿಚೌರ್ಯದ 2018ರ ನಿಯಮದ ಪ್ರಕಾರ ಥೀಸಿಸ್‌ನಾಗ ಬ್ಯಾರೆಯವರ ಬರಹದ ಜೋಡಿ ಹೋಲಿಕೆ ಶೇ. 60 ದಾಟಿದ್ರ ರಜಿಸ್ಟ್ರೇಶನ್ನೇ ರದ್ದು. ಹೋಲಿಕೆ ಹುಡುಕೋ ತಂತ್ರಾಂಶಕ್ಕ ಸಿಗದಂಗ ಬರೆದು ಕೊಟ್ರೂ ಮೌಖಿಕ ಪರೀಕ್ಷೆಯೊಳಗ ಕೂಡಬೇಕಾದಾಕಿ ನೀನೇ. ತಮ್ಮ ಕೆಲಸ ತಾವು ಮಾಡದವರು ಅಲ್ಲಿ ಮೊದಲನೇ ಪ್ರಶ್ನೆಗೇ ಸುಮ್ಮನಾಗಿದ್ದು ನಾ ನೋಡೀನಿ. ಆಮೇಲೆ ಆ ರೊಕ್ಕ ಇಸಗೊಂಡವರೇ ನಿನ್ನ ಹೆದರಸ್ತಾರ.

ಹುಬ್ಬಳ್ಳಿಯ ಸದಸ್ಯ: ಧಾರವಾಡದಾಗ ಕರ್ನಾಟಕ ವಿವಿ ಇರಬೇಕಾದ್ರ ವಿಜಯಪುರಕ್ಕ ಯಾಕ ಹೋಗಬೇಕ್ರಿ? ಈಗಿನ ಕಾಲದಾಗ ಹೆಣ್ಣಮಕ್ಕಳಿಗೇ ಅಂತ ಬ್ಯಾರೆ ವಿವಿ ಯಾಕ ಬೇಕು?

ಲಕ್ಷ್ಮೇಶ್ವರದ ಸದಸ್ಯೆ: ಅಣ್ಣಾರ, ನಮ್ಮಪ್ಪ ಬ್ಯಾರೆ ಎಲ್ಲಿಗೂ ಕಳಸ್ತಿರಲಿಲ್ಲ. ಹೆಣ್ಣಮಕ್ಕಳ ವಿವಿ, ಅಲ್ಲೇ ಹಾಸ್ಟೆಲ್ ಅಂತ ಹೂಂ ಅಂದ್ರು. ನಾ ಇವತ್ತು ಹೈಸ್ಕೂಲ್ ಟೀಚರ್ ಅದೀನಿ.

ಹುಬ್ಬಳ್ಳಿಯ ಸದಸ್ಯ: ಹಂಗಂದ್ರ ಅಪ್ಪನ ಹೆದರಿಕಿಗೆ ಸರ್ಕಾರ ವಿವಿ ಕಟ್ಟಬೇಕೇನ್ರಿ?

ಲಕ್ಷ್ಮೇಶ್ವರದ ಸದಸ್ಯೆ: ಕಟ್ಟಲಿಲ್ಲಂದ್ರ ನಾ ಪಿಯುಸಿಗೇ ಮನ್ಯಾಗ ಕುಂದರ್ತಿದ್ದೆ. ನಿಮಗ ಅದು ತಿಳ್ಯಂಗಿಲ್ಲ.

ಹುಬ್ಬಳ್ಳಿಯ ಸದಸ್ಯ: ಗಂಡಸರಿಗೆ ಏನೂ ತಿಳ್ಯಂಗಿಲ್ಲ ಅಂತ ಬರದುಬಿಡ್ರಿ.

ಮೇಡಂ: ಇಬ್ರೂ ಒಂದು ನಿಮಿಷ. ದೇಶದ ಮೊದಲ ಮಹಿಳಾ ವಿವಿ 1916ರಾಗ ಸಮಾಜ ಸುಧಾರಕ ಕರ್ವೆ ಅವರು ಪುಣೆಯೊಳಗ ಶುರು ಮಾಡಿದ್ದು, ಇವತ್ತು ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿವಿ ಅನ್ನೂದು ಅದನ್ನೇ. ಜಪಾನಿನ ಮಹಿಳಾ ವಿವಿ ಬಗ್ಗೆ ಓದಿ ಅವರಿಗೆ ಆ ವಿಚಾರ ಬಂದಿತ್ತು. ಧಾರವಾಡಕ್ಕ ಹೋಗಬಲ್ಲ ಹುಡುಗಿ ಹೋಗಲಿ. ಹೋಗಲಿಕ್ಕೆ ಬಿಡದ ಮನಿ ಹುಡುಗಿಗೆ ಒಂದು ಬಾಗಲಾ ಇರಲಿ. ಇಲ್ಲಿಗೆ ನಿಲ್ಲಸ್ರಿ.

ಹಾವೇರಿಯ ಸದಸ್ಯ: ‘ಮಹಿಳಾ ವಿವಿಯಲ್ಲಿ ಎಲ್ಲಾ ಪಿಜಿ ಫೀ ಮಾಫಿ, ಇಂದೇ ಕೊನೆಯ ದಿನ, ಕೆಳಗಿನ ಲಿಂಕ್ ಒತ್ತಿ ಆಧಾರ್ ಹಾಕಿ.’ ಬಂದಿದ್ದನ್ನ ಹಾಕೀನಿ, ಯಾರಿಗರೆ ಉಪಯೋಗ ಆಗಲಿ.

ಮೇಡಂ: ಯಾರಿಗೂ ಉಪಯೋಗ ಆಗೂದಿಲ್ಲ. ತಗೀರಿ ಅದನ್ನ. ವಿದ್ಯಾರ್ಥಿವೇತನಕ್ಕ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಅದ, ಅರ್ಜಿ ಅಲ್ಲೇ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ಪ್ರವೇಶಕ್ಕ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್. ಎಂಬಿಎ, ಎಂಸಿಎಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪಿಜಿಸಿಇಟಿ ಪ್ರವೇಶ ಪರೀಕ್ಷೆ. ವಾಟ್ಸಾಪಿನ ಲಿಂಕಿಗೆ ಆಧಾರ್, ಒಟಿಪಿ ಕೊಟ್ಟ ಹುಡುಗಿಯ ಖಾತೆ ಖಾಲಿ ಆದ್ರ ನೀವು ತುಂಬಿ ಕೊಡ್ತೀರೇನು?

ಹಾವೇರಿಯ ಸದಸ್ಯ: ಒಳ್ಳೇದಕ್ಕ ಹಾಕಿದ್ರ ಹಿಂಗ ಬೈತೀರಲ್ರಿ.

ಶಿಗ್ಗಾವಿಯ ಸದಸ್ಯೆ: ನನಗೂ ಒಂದು ಬಂದೈತ್ರಿ. ಆನ್‌ಲೈನ್ ಪಿಎಚ್‌ಡಿ, ಎಂಟು ತಿಂಗಳು, ವಿದೇಶಿ ವಿವಿ.

ಮೇಡಂ: ಪಿಎಚ್‌ಡಿ ಕಡಿಮಿ ಅಂದ್ರೂ ಮೂರು ವರ್ಷ. ಇಂಥಾ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತಾ ಇಲ್ಲ ಅಂತ ಯುಜಿಸಿ ಮತ್ತ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2022ರಾಗೇ ಎಚ್ಚರಿಸ್ಯಾವ. ಒಂದು ರೂಪಾಯಿ ಕೊಡಬ್ಯಾಡ.

ಮುಂಡರಗಿಯ ವಿದ್ಯಾರ್ಥಿನಿ: ಎಂಎ ಜೋಡಿ ರೆಗ್ಯುಲರ್ ಬಿಎಡ್ ಮಾಡಬೋದಾ ಮ್ಯಾಮ್? ಎರಡು ಡಿಗ್ರಿ ಒಮ್ಮೆಗೇ ನಡೀತಾವಂತಲ್ಲ.

ಮೇಡಂ: 2022ರಿಂದ ಎರಡು ಡಿಗ್ರಿಗೆ ಅವಕಾಶ ಅದ, ಆದ್ರ ತರಗತಿ ಹೊತ್ತು ಒಂದರ ಮ್ಯಾಲೊಂದು ಬರಬಾರದು. ಬಿಎಡ್‌ಗೆ ಶೇ. 80 ಹಾಜರಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90. ಎರಡೂ ರೆಗ್ಯುಲರ್ ಮಾಡೂದು ಆಗದ ಮಾತು.

ಕುಂದಗೋಳದ ಸದಸ್ಯೆ: ಮೇಡಂ, ಡಿಗ್ರಿ ವ್ಯಾಲಿಡ್ ಇದೆಯಾ?

ಮೇಡಂ: ಮ್ಯಾಲೆ ಓದು.

ಹುಬ್ಬಳ್ಳಿಯ ಸದಸ್ಯ: ಉತ್ತರ ಕೊಡಾಕ ಕುಂತ ಮ್ಯಾಲೆ ಸಮಾಧಾನದಿಂದ ಕೊಡಬೇಕ್ರಿ.

ಲಕ್ಷ್ಮೇಶ್ವರದ ಸದಸ್ಯೆ: ಒಂದೇ ಪ್ರಶ್ನೆ ಮೂರು ಸಲ ಕೇಳಿದ್ರ ಯಾರಿಗರೆ ಸಿಟ್ಟು ಬರ್ತೈತಿ. ನೀವು ಕೇಳಿದ್ದರೆ ಏನು? ಬರೇ ಜಗಳ ತಗದೀರಿ.

ಅಡ್ಮಿನ್, ಧಾರವಾಡ: ಇಬ್ಬರ ಕಾಮೆಂಟೂ ಇನ್ನ ಬಂದ್ ಮಾಡ್ತೀನಿ.

ರಾಣೇಬೆನ್ನೂರಿನ ಸದಸ್ಯೆ: ಮೇಡಂ, ಬರದು ಕೊಟ್ಟಿಲ್ಲ. ಗೈಡ್‌ಗೆ ಫೋನ್ ಮಾಡಿ ಹೇಳಿದ್ದೆ ಅಷ್ಟೇ.

ಮೇಡಂ: ನಾಳೆನೇ ಬರಿ. ಗೈಡ್ ಮೂಲಕ ಕುಲಸಚಿವರಿಗೆ. ಹೆರಿಗೆ ತಾರೀಖು, ರಜೆ ಯಾವತ್ತಿಂದ ಯಾವತ್ತಿನ ತನಕ ಬೇಕು, ತಪ್ಪಿದ ಎರಡು ಮೀಟಿಂಗಿನ ತಾರೀಖು, ಮೂರೂ ಇರಲಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಕೂಸಿನ ಜನನ ಪ್ರಮಾಣಪತ್ರ ಹಚ್ಚು. ನಕಲಿನ ಮ್ಯಾಲೆ ಇನ್‌ವರ್ಡ್ ನಂಬರ್, ಶಿಕ್ಕಾ ಹಾಕಿಸಿಕೊ. ನಿನಗ ಹೋಗಲಿಕ್ಕಾಗಲಿಲ್ಲಂದ್ರ ಸ್ಪೀಡ್‌ಪೋಸ್ಟ್ ಮಾಡಿ ರಸೀದಿ ಇಟ್ಟುಕೊ. ಮುಂದಿನ ಮೀಟಿಂಗಿಗೆ ಒಂದು ಅಧ್ಯಾಯದ ಕರಡು ಒಯ್ಯಿ, ಅರ್ಧ ಬರದಿದ್ರೂ ನಡೀತದ. ಮನಿಯವರಿಗೆ ತಿಳಿಸಿ ಹೇಳಬೇಕಂದ್ರ ನನ್ನ ಜೋಡಿ ಫೋನಿನಾಗ ಮಾತಾಡಸು.

ಸವಣೂರಿನ ಸದಸ್ಯೆ: ಮೇಡಂ, ನಾನೂ ಹೆರಿಗಿ ಆದ ಮ್ಯಾಲೆ ಎಂಎ ಮೊದಲನೇ ವರ್ಷಕ್ಕ ಬಿಟ್ಟೀನಿ. ಎಂಟು ವರ್ಷ ಆತು. ಮತ್ತ ಸೇರಬೋದೇನ್ರಿ?

ಬ್ಯಾಡಗಿಯ ಸದಸ್ಯ: ವಿಜಯಪುರಕ್ಕ ಶಕ್ತಿ ಯೋಜನೆ ಬಸ್ ಫ್ರೀ ಐತಾ? ಹಾಸ್ಟೆಲ್ ಫೀ ಎಷ್ಟು?

ಲಕ್ಷ್ಮೇಶ್ವರದ ಸದಸ್ಯೆ: ಸಾದಾ ಸರ್ಕಾರಿ ಬಸ್ಸಿಗೆ ಫ್ರೀ ಐತ್ರಿ. ಸ್ಲೀಪರ್, ಎಸಿಗೆ ಇಲ್ಲ.

ನರಗುಂದದ ಸದಸ್ಯೆ: ಮಹಿಳಾ ವಿವಿ ಡಿಗ್ರಿ ಕೆಪಿಎಸ್‌ಸಿಗೆ ನಡೀತೈತಾ?

ಸವಣೂರಿನ ಸದಸ್ಯೆ: ಮೇಡಂ, ನನ್ನ ಪ್ರಶ್ನೆ ಮ್ಯಾಲೆ ಐತ್ರಿ.