ಆರು ವರ್ಷದ ಸೈಟ್ ಅನುಭವ, ಕೈಗೆ ಬಂದ ಎಐ: ಪ್ರಾಜೆಕ್ಟ್ ಎಂಜಿನಿಯರ್ ಮುಂದೆ ಯಾವ ದಾರಿ ಹಿಡಿಯಬೇಕು?

ಪ್ರಶ್ನೆ: ಹೊಳೆದಂಡೆ_ಸಿವಿಲ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಸಿವಿಲ್ ಬಿ.ಇ. ಮುಗಿಸಿದ ನಾನು ಕಳೆದ 6 ವರ್ಷಗಳಿಂದ ಸೇತುವೆ ಮತ್ತು ಹೆದ್ದಾರಿ ಕಾಮಗಾರಿಗಳಲ್ಲಿ ಪ್ರಾಜೆಕ್ಟ್ ಎಂಜಿನಿಯರ್ ಆಗಿದ್ದೇನೆ. ಬೆಳಗ್ಗೆ ಏಳಕ್ಕೆ ಸೈಟಿಗೆ ಹೋಗಿ ಸೆಂಟ್ರಿಂಗ್ ಮತ್ತು ಕಂಬಿ ಕಟ್ಟಿರುವುದನ್ನು ಪರಿಶೀಲಿಸುವುದು, ಸಂಜೆ ಕಂಟೇನರ್ ಆಫೀಸಿನಲ್ಲಿ ಕುಳಿತು ದಿನದ ಪ್ರಗತಿ ವರದಿ, ಆರ್‌ಎಫ್‌ಐ (ಪರಿಶೀಲನೆಗೆ ಕೋರುವ ಪತ್ರ), ಅಳತೆಯ ಹಾಳೆ, ಬಿಲ್ಲಿಗೆ ಬೇಕಾದ ದಾಖಲೆಗಳನ್ನು ಸಿದ್ಧಪಡಿಸುವುದು ನನ್ನ ದಿನಚರಿ. ಸರಿಯಾಗಿ ಲೆಕ್ಕ ಹಾಕಿದರೆ ಅರ್ಧ ದಿನ ಕಾಗದಕ್ಕೇ ಹೋಗುತ್ತದೆ.

ಕಳೆದ ವರ್ಷ ನಮ್ಮಲ್ಲಿ ಎಐ ಸಾಧನವೊಂದು ಬಂದಿತು. ಫೋರ್‌ಮನ್ನರು ವಾಟ್ಸಾಪ್ ಗುಂಪಿಗೆ ಹಾಕುವ ಫೋಟೊ ಮತ್ತು ಧ್ವನಿ ಸಂದೇಶಗಳನ್ನು ನೋಡಿ ಅದು 10 ನಿಮಿಷದಲ್ಲಿ ವರದಿಯ ಕರಡು ಕೊಡುತ್ತದೆ. ಹಿಂದೆ ಇದಕ್ಕೆ ನನಗೆ ಒಂದೂವರೆ ಗಂಟೆ ಬೇಕಾಗುತ್ತಿತ್ತು. ಮೊದಮೊದಲು ಹಾಯೆನಿಸಿತು. ಈಗ ಹೊಸ ಪ್ಯಾಕೇಜಿಗೆ (ಗುತ್ತಿಗೆಯ ಕಾಮಗಾರಿಗೆ) ಮೂವರು ಕಿರಿಯ ಎಂಜಿನಿಯರುಗಳ ಜಾಗದಲ್ಲಿ ಒಬ್ಬರನ್ನು ಮಾತ್ರ ಕೊಟ್ಟಿರುವುದನ್ನು ನೋಡಿ, ನಾಳೆ ನನ್ನ ಸರದಿಯೇ ಎಂಬ ಯೋಚನೆ ಹತ್ತಿದೆ. ಬಿಮ್ (ನಿರ್ಮಾಣದ ಡಿಜಿಟಲ್ ಮಾದರಿ) ಕೋರ್ಸ್ ಮಾಡಲೇ, ವೇಳಾಪಟ್ಟಿ ಹಾಕುವ ಪ್ರಿಮಾವೆರಾ ಸಾಫ್ಟ್‌ವೇರ್ ಕಲಿತು ಪ್ಲಾನಿಂಗ್ ಕಡೆ ಹೋಗಲೇ, ಗುತ್ತಿಗೆ ಒಪ್ಪಂದಗಳನ್ನು ನೋಡಿಕೊಳ್ಳುವ ಕಾಂಟ್ರ್ಯಾಕ್ಟ್ಸ್ ವಿಭಾಗಕ್ಕೆ ಪ್ರಯತ್ನಿಸಲೇ, ಅಥವಾ ಹಲವು ಸಹಪಾಠಿಗಳಂತೆ ಈ ಕ್ಷೇತ್ರವನ್ನೇ ಬಿಟ್ಟು ಸಾಫ್ಟ್‌ವೇರ್ ಸೇರಲೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ಪ್ಲಾನಿಂಗ್_ಬೆಂಗಳೂರು

ವರದಿ ಬರೆಯುವುದು ಬೇರೆ, ಅದರಲ್ಲಿರುವುದು ನಿಜವೆಂದು ಸಹಿ ಹಾಕುವುದು ಬೇರೆ. ಮೊದಲನೆಯದು ಕೈಬಿಟ್ಟು ಹೋಯಿತು, ಮತ್ತೆ ಬರುವುದಿಲ್ಲ. ಅದಕ್ಕಾಗಿ ಕಣ್ಣೀರು ಹಾಕಿದವರನ್ನೂ ನಾನು ನೋಡಿಲ್ಲ. ಎರಡನೆಯದು ಇನ್ನೂ ನಿಮ್ಮ ಬಳಿಯೇ ಇದೆ.

ನಮ್ಮ ಒಂದು ಮೇಲ್ಸೇತುವೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ರಾತ್ರಿ ಪಿಯರ್ ಕ್ಯಾಪ್‌ಗೆ (ಸೇತುವೆ ಕಂಬದ ತಲೆಭಾಗಕ್ಕೆ) ಕಾಂಕ್ರೀಟ್ ಹಾಕುತ್ತಿದ್ದಾಗ ಪಂಪಿನ ಪೈಪ್ ಕಟ್ಟಿಕೊಂಡು ಸುಮಾರು 2 ಗಂಟೆ ಕೆಲಸ ನಿಂತಿತು. ಗುಂಪಿಗೆ ಬಂದದ್ದು ಎರಡೇ ಫೋಟೊ: ಒಂದು ಕೆಲಸ ಶುರುವಾದಾಗಿನದು, ಇನ್ನೊಂದು ಬೆಳಗಿನ ಜಾವ ಮೇಲ್ಮೈ ಸಮ ಮಾಡಿದ ಮೇಲಿನದು. ನಡುವಿನ 2 ಗಂಟೆಯನ್ನು ಕಾಣದ ಸಾಧನ, ಕಾಂಕ್ರೀಟ್ ಯಾವುದೇ ಅಡಚಣೆಯಿಲ್ಲದೆ ಪೂರ್ಣಗೊಂಡಿದೆ ಎಂದು ಬರೆಯಿತು. ಎಂಜಿನಿಯರ್ ಓದದೆ ಸಹಿ ಹಾಕಿದರು. ಸೆಂಟ್ರಿಂಗ್ ಬಿಚ್ಚಿದಾಗ ಒಂದು ಬದಿಯಲ್ಲಿ ಕೋಲ್ಡ್ ಜಾಯಿಂಟ್‌ನ (ಹಳೆಯ ಪದರ ಗಟ್ಟಿಯಾದ ಮೇಲೆ ಹೊಸದು ಸರಿಯಾಗಿ ಬೆಸೆಯದ ಜಾಗದ) ಗೆರೆ ಎದ್ದು ಕಂಡಿತು. ಎನ್‌ಸಿಆರ್ (ಕೆಲಸ ಗುಣಮಟ್ಟಕ್ಕೆ ತಕ್ಕಂತಿಲ್ಲವೆಂಬ ವರದಿ) ಬಂದಾಗ ಉತ್ತರ ಕೊಡಬೇಕಾದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಪ್ಲಾನಿಂಗ್. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳವರು ಕ್ರಿಟಿಕಲ್ ಪಾತ್ ಎಂಬ ವೇಳಾಪಟ್ಟಿ ವಿಧಾನವನ್ನು ರೂಪಿಸಿದಾಗಲೇ ಅದರ ಲೆಕ್ಕ ಮಾಡುವುದು ಕಂಪ್ಯೂಟರಿನ ಕೆಲಸವಾಗಿತ್ತು. ಯಾವುದು ಮುಗಿಯದೆ ಯಾವುದು ಶುರುವಾಗದು ಎಂದು ಹೇಳುವುದಕ್ಕೆ ಮಾತ್ರ ಎಂಜಿನಿಯರ್ ಬೇಕಿತ್ತು, ಈಗಲೂ ಬೇಕು. ಈಚೆಗೆ ಉತ್ತರ ಕನ್ನಡದ ಸೇತುವೆಯೊಂದಕ್ಕೆ ಎಐ ಹಾಕಿಕೊಟ್ಟ ವೇಳಾಪಟ್ಟಿ ನೋಡಲು ಬಹಳ ಅಚ್ಚುಕಟ್ಟಾಗಿತ್ತು; ಹೊಳೆಯ ನಡುವಿನ ಪಾಯದ ಅಗೆತವನ್ನು ಮಾತ್ರ ಜುಲೈ ತಿಂಗಳಿಗೆ ಇಟ್ಟಿತ್ತು! ಪ್ರಿಮಾವೆರಾ ಖಂಡಿತ ಕಲಿಯಿರಿ. ಆದರೆ ಸಾಫ್ಟ್‌ವೇರ್ ಮಾತ್ರ ಗೊತ್ತಿರುವ ಪ್ಲಾನರ್‌ಗೆ ಇನ್ನು ಬೆಲೆ ಇರುವುದಿಲ್ಲ. 6 ವರ್ಷ ಮಣ್ಣು ತುಳಿದವರೆಂಬುದೇ ನಿಮ್ಮ ಬಂಡವಾಳ.

ಬಿಮ್ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು. ಮಾಡೆಲ್ ಬಿಡಿಸುವ ಕೆಲಸ ಬೇಗ ಅಗ್ಗವಾಗುತ್ತದೆ. ಬಿಮ್‌ಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 19650 ಹೇಳುವ ಮಾಹಿತಿ ನಿರ್ವಹಣೆ, ಅಂದರೆ ಯಾವ ನಕ್ಷೆ ಅಧಿಕೃತ, ಯಾರು ಒಪ್ಪಿದರು, ಸೈಟಿಗೆ ಯಾವುದು ಹೋಯಿತು ಎಂಬುದನ್ನು ನೋಡಿಕೊಳ್ಳುವವರಿಗೆ ಕೆಲಸ ಇರುತ್ತದೆ.

ಉತ್ತರ 2: ದೋಹಾ_ಕನ್ನಡಿಗ

ನಾನು ಹತ್ತು ವರ್ಷ ಸೈಟಿನಲ್ಲಿದ್ದು, ಈಗ ಕತಾರ್‌ನಲ್ಲಿ ಕ್ಲೇಮ್ಸ್ (ಹೆಚ್ಚುವರಿ ಸಮಯ, ಹಣದ ಬೇಡಿಕೆಗಳು) ನೋಡಿಕೊಳ್ಳುತ್ತಿದ್ದೇನೆ. ಕಾಂಟ್ರ್ಯಾಕ್ಟ್ಸ್ ಎಂಬುದು ವಕೀಲರ ಕೆಲಸವೆಂದು ಭಾವಿಸಿ ನಮ್ಮ ಕಡೆಯ ಎಂಜಿನಿಯರುಗಳು ದೂರ ಉಳಿಯುತ್ತಾರೆ, ಅದೇ ಅವರು ಮಾಡುವ ದೊಡ್ಡ ತಪ್ಪು.

ಫಿಡಿಕ್ ಎಂಬ ಅಂತರರಾಷ್ಟ್ರೀಯ ಎಂಜಿನಿಯರಿಂಗ್ ಸಲಹೆಗಾರರ ಒಕ್ಕೂಟದ 1999ರ ಕೆಂಪು ಪುಸ್ತಕದ (ಮಾದರಿ ಗುತ್ತಿಗೆ ಒಪ್ಪಂದದ) 20.1ನೇ ಕಲಮಿನ ಪ್ರಕಾರ, ವಿಳಂಬದ ಕಾರಣ ಗೊತ್ತಾದ 28 ದಿನಗಳೊಳಗೆ ಗುತ್ತಿಗೆದಾರ ನೋಟಿಸ್ ಕೊಡದಿದ್ದರೆ ಹೆಚ್ಚುವರಿ ಸಮಯವೂ ಇಲ್ಲ, ಹಣವೂ ಇಲ್ಲ. 2017ರ ಆವೃತ್ತಿಯಲ್ಲಿ ಇದು 20.2.1ಕ್ಕೆ ಹೋಗಿದೆ, ದಿನಗಳು ಬದಲಾಗಿಲ್ಲ. ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರು ಎಐಯನ್ನು ಕೇಳಿ 28 ದಿನವೆಂದು ಟಿಪ್ಪಣಿ ಬರೆದುಕೊಟ್ಟರು. ಉತ್ತರ ತಪ್ಪೇನಲ್ಲ, ಆದರೆ ನಮ್ಮ ಒಪ್ಪಂದದ ವಿಶೇಷ ಷರತ್ತುಗಳಲ್ಲಿ ಮಾಲೀಕರು ಅದನ್ನು 14 ದಿನಕ್ಕೆ ಇಳಿಸಿದ್ದರು, ಮತ್ತು ಆ ಫೈಲನ್ನು ಸಾಧನಕ್ಕೆ ಕೊಟ್ಟಿರಲೇ ಇಲ್ಲ. ಪುಣ್ಯಕ್ಕೆ ಹನ್ನೆರಡನೆಯ ದಿನ ಗಮನಕ್ಕೆ ಬಂದಿತು.

ಸಾವಿರಾರು ಪತ್ರಗಳಲ್ಲಿ ಒಂದು ವಿಷಯದ ಎಳೆ ಹುಡುಕಲು ನಾನೂ ದಿನವೂ ಎಐ ಬಳಸುತ್ತೇನೆ. ವಾರದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆದರೆ ಜಮೀನು ಯಾವತ್ತು ಕೈಗೆ ಬಂತು, ಅಂದು ಎಷ್ಟು ಯಂತ್ರಗಳು ಖಾಲಿ ನಿಂತಿದ್ದವು ಎಂದು ಸೈಟಿನವರು ಅಂದೇ ಹಿಂಡ್ರೆನ್ಸ್ ರಿಜಿಸ್ಟರಿನಲ್ಲಿ (ಅಡಚಣೆಗಳ ದಾಖಲೆ ಪುಸ್ತಕದಲ್ಲಿ) ಬರೆಯದಿದ್ದರೆ ಹುಡುಕಲು ಎಳೆಯೇ ಇರುವುದಿಲ್ಲ. ಆ ಸಾಲನ್ನು ಬರೆಯುವುದೂ ಗೊತ್ತು, ಅದರಿಂದ ಹಣ ಹೇಗೆ ಬರುತ್ತದೆಂಬುದೂ ಗೊತ್ತು ಎನ್ನುವ ಎಂಜಿನಿಯರನ್ನು ಯಾವ ಕಂಪನಿಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಉತ್ತರ 3: ನಿವೃತ್ತ_ಕ್ವಾಲಿಟಿ

ಮೇಲಿನ ಇಬ್ಬರ ಮಾತೂ ಸರಿ. ಆದರೆ ಇಬ್ಬರೂ ಅಟ್ಟ ಹತ್ತಿದ ಮೇಲೆ ಏಣಿಯ ಬಗ್ಗೆ ಯೋಚಿಸುತ್ತಿಲ್ಲವೆಂಬ ಬೇಸರ ನನಗಿದೆ. ಮೂವರ ಜಾಗಕ್ಕೆ ಒಬ್ಬರು ಬಂದರೆ, ಮುಂದೆ ಸಹಿ ಹಾಕುವಷ್ಟು ತಿಳಿವಳಿಕೆ ಇರುವವರು ಎಲ್ಲಿಂದ ಬರುತ್ತಾರೆ? ನಾವೆಲ್ಲ ಕಂಬಿಯ ಪಟ್ಟಿಯನ್ನು ಕೈಯಲ್ಲೇ ಬರೆದು, ಬಾರ್ ಬೆಂಡರ್ ಮೇಸ್ತ್ರಿಯಿಂದ ಬೈಸಿಕೊಂಡು ಕಲಿತವರು.

ಒಂದು ಉದಾಹರಣೆ ನೋಡಿ. 180 ಘನ ಮೀಟರ್ ಕಾಂಕ್ರೀಟಿಗೆ ಎಷ್ಟು ಕ್ಯೂಬ್ (ಬಲ ಪರೀಕ್ಷೆಗೆ ಅಚ್ಚು ಹಾಕುವ ಕಾಂಕ್ರೀಟ್ ಘನ) ತೆಗೆಯಬೇಕು? ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000ರ ಪ್ರಕಾರ ಮೊದಲ 50 ಘನ ಮೀಟರಿಗೆ 4 ಸ್ಯಾಂಪಲ್, ನಂತರದ ಪ್ರತಿ 50ಕ್ಕೆ ಅಥವಾ ಅದರ ಭಾಗಕ್ಕೆ ಇನ್ನೊಂದು. ಒಟ್ಟು 7 ಸ್ಯಾಂಪಲ್, ಒಂದಕ್ಕೆ 3ರಂತೆ 28 ದಿನದ ಪರೀಕ್ಷೆಗೆ 21 ಕ್ಯೂಬ್. ಇದನ್ನು ಎಐ ಕ್ಷಣದಲ್ಲಿ ಹೇಳುತ್ತದೆ. ಆದರೆ ಆ 21 ಕ್ಯೂಬುಗಳೂ ಒಂದೇ ಲಾರಿಯಿಂದ ಬಂದವೇ, ಬೇರೆ ಬೇರೆ ಲಾರಿಗಳಿಂದ ಬಂದವೇ ಎಂದು ನೋಡಲು ಲಾರಿಯಿಂದ ಕಾಂಕ್ರೀಟ್ ಇಳಿಯುವ ಚ್ಯೂಟ್‌ನ ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಆದ್ದರಿಂದ ನನ್ನ ಸಲಹೆ ಇಷ್ಟೇ: ವರದಿ ಬರೆಯುವುದರಲ್ಲಿ ಉಳಿದ ಆ ಸಮಯವನ್ನು ಆಫೀಸಿನಲ್ಲಿ ಕಳೆಯಬೇಡಿ, ಸೈಟಿಗೇ ಕೊಡಿ, ನಿಮ್ಮ ಕೈಕೆಳಗೆ ಬಂದಿರುವ ಆ ಒಬ್ಬ ಹುಡುಗನನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರಿಂದ: ಹೊಳೆದಂಡೆ_ಸಿವಿಲ್

ಮೂವರಿಗೂ ಧನ್ಯವಾದಗಳು. ಸಾಫ್ಟ್‌ವೇರ್ ಯೋಚನೆ ಬಿಟ್ಟಿದ್ದೇನೆ. ಇನ್ನೊಂದು ವರ್ಷ ಸೈಟಿನಲ್ಲೇ ಇದ್ದು, ಪ್ರಿಮಾವೆರಾ ಕಲಿಯುತ್ತಾ ಕಾಂಟ್ರ್ಯಾಕ್ಟ್ಸ್ ಕಡೆ ಸಾಗುವುದೆಂದು ನಿರ್ಧರಿಸಿದೆ. ದೋಹಾದ ಸರ್ ಹೇಳಿದ್ದನ್ನು ಓದಿ, ನಿನ್ನೆ ಮೊದಲ ಬಾರಿಗೆ ನಮ್ಮ ಒಪ್ಪಂದದ ಪ್ರತಿಯನ್ನು ತೆರೆದು ನೋಡಿದೆ. ನಮ್ಮಲ್ಲಿ ನೋಟಿಸಿಗೆ ಇರುವುದು 15 ದಿನ. ಸೇತುವೆಗೆ ಸೇರುವ ಎಡಬದಿಯ ಅಪ್ರೋಚ್ ರಸ್ತೆಯ ಜಮೀನು ಕೊಡಬೇಕಾಗಿದ್ದ ತಾರೀಕು ಕಳೆದು ಆಗಲೇ 11 ದಿನವಾಗಿತ್ತು, ಯಾರೂ ಪತ್ರ ಬರೆದಿರಲಿಲ್ಲ. ರಾತ್ರಿಯೇ ಕರಡು ಮಾಡಿ ಪ್ರಾಜೆಕ್ಟ್ ಮ್ಯಾನೇಜರ್ ಮುಂದಿಟ್ಟೆ, ಇಂದು ಬೆಳಗ್ಗೆ ಸಹಿಯಾಗಿ ಹೋಯಿತು.