ಬ್ಯಾಂಡಿನ ಸದ್ದಿನಲ್ಲಿ ಬೇಸ್ ಗಿಟಾರ್ ಕೇಳಿಸದಿದ್ದರೆ ಏನು ಮಾಡಬೇಕು?

ಪ್ರಶ್ನೆ: ಸ್ವಂತ ರಚನೆಗಳನ್ನೇ ನುಡಿಸುವ ನಮ್ಮ ಬ್ಯಾಂಡಿನಲ್ಲಿ ನಾನು ನಾಲ್ಕು ತಂತಿಯ ಬೇಸ್ ನುಡಿಸುತ್ತೇನೆ. ಮನೆಯಲ್ಲಿ ತುಂಬಿ ಕೇಳಿಸುವ ನಾದವು ಎರಡು ಗಿಟಾರ್ ಮತ್ತು ಡ್ರಮ್ಸ್ ಸೇರಿದೊಡನೆ ಬರಿಯ ಗುಡುಗಾಗಿ ಉಳಿಯುತ್ತದೆ. ಹೊಸ ಆಂಪ್ಲಿಫೈಯರ್ ಕೊಳ್ಳಬೇಕೇ?

ಉತ್ತರ 1: ಈಗಲೇ ಕೊಳ್ಳಬೇಡಿ. ಅತಿ ದಪ್ಪ ತಂತಿಯ ಮೂಲ ಆವರ್ತನ ಸುಮಾರು 41 ಹರ್ಟ್ಸ್. ಅದರ ಆಸುಪಾಸನ್ನು ಹೆಚ್ಚಿಸಿದಷ್ಟೂ ನಾದವು ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನೊಡನೆ ಕಲೆಸಿಹೋಗುತ್ತದೆಯೇ ಹೊರತು ಸ್ವರ ಸ್ಪಷ್ಟವಾಗುವುದಿಲ್ಲ, ಏಕೆಂದರೆ ಕಿವಿಯು ಆ ಸ್ವರವನ್ನು ಬಹುಮಟ್ಟಿಗೆ ಅದರ ಮೂಲ ಆವರ್ತನದ ಎರಡು, ಮೂರು ಪಟ್ಟು ಮುಂತಾದ ಮೇಲಿನ ಆವರ್ತನಗಳಾದ ಹಾರ್ಮೋನಿಕ್‌ಗಳಿಂದಲೇ ಗುರುತಿಸುತ್ತದೆ. ಆಂಪ್ಲಿಫೈಯರಿನ ಬೇಸ್ ಗುಂಡಿಯನ್ನು ತಗ್ಗಿಸಿ, 500ರಿಂದ 1000 ಹರ್ಟ್ಸ್ ನಡುವಿನ ಮಿಡ್ ಅನ್ನು, ಅಂದರೆ ಮಧ್ಯದ ಆವರ್ತನಗಳನ್ನು, ಏರಿಸಿ. ಒಂಟಿಯಾಗಿ ಕೇಳಿದಾಗ ಆ ನಾದ ಒರಟೆನಿಸಬಹುದು. ಆದರೆ ಅದನ್ನು ಬ್ಯಾಂಡಿನೊಳಗೆ ಕೇಳಿಯೇ ತೀರ್ಮಾನಿಸಬೇಕು.

ಉತ್ತರ 2: ತಂತಿಗಳು ಹಳೆಯದಾಗಿದ್ದರೆ ಮೊದಲು ಬದಲಿಸಿ. ತಂತಿಗಳನ್ನು ಗಿಟಾರಿನ ಒಡಲಿನ ಮೇಲೆ ಹಿಡಿದಿಡುವ ಬ್ರಿಡ್ಜ್‌ಗೆ ಹತ್ತಿರ ಮೀಟಿದರೂ ನಾದ ಬಿಗಿಯಾಗುತ್ತದೆ.

ಉತ್ತರ 3: ನನ್ನ ದೃಷ್ಟಿಯಲ್ಲಿ ಇದು ಸಂಯೋಜನೆಯ ಪ್ರಶ್ನೆಯೂ ಹೌದು. ರಚನೆಗಳು ನಿಮ್ಮವೇ ಆಗಿರುವುದರಿಂದ, ಪಲ್ಲವಿಯಲ್ಲಿ ಒಬ್ಬ ಗಿಟಾರ್ ವಾದಕರು ಕೆಳಗಿನ ತಂತಿಗಳನ್ನು ಬಿಟ್ಟು ಮೇಲಿನ ಸ್ಥಾನಗಳಲ್ಲಿ ನುಡಿಸುವಂತೆ ಕೇಳಿಕೊಳ್ಳಿ. ನೀವೂ ಪ್ರತಿ ಸ್ವರವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಡ್ರಮ್ಸ್ ವಾದಕರೊಡನೆ ಕುಳಿತು ನಿರ್ಧರಿಸಿ.