ಪ್ರಾರ್ಥನೆಗೂ ಧೈರ್ಯಕ್ಕೂ ಏನು ನಂಟು? ಅನುಭವ ಇದ್ದವರು ಹೇಳಿ

ಕೇಳಿದವರು

ಎಲ್ಲರಿಗೂ ವಂದನೆ. ನಾನು ಚಿಕ್ಕಂದಿನಿಂದ ಸಭೆಗೆ, ಅಂದರೆ ಚರ್ಚಿಗೆ, ಹೋಗುವವನು. ಅಲ್ಲಿ ಹಾಡುತ್ತೇನೆ, ನನ್ನ ವಿಶ್ವಾಸದ ಸಾಕ್ಷಿಯನ್ನೂ ಹೇಳಿದ್ದೇನೆ. ಆದರೆ ಕೆಲಸದ ಜಾಗದಲ್ಲಿ ಯಾರಾದರೂ "ನೀವು ನಿಜವಾಗ್ಲೂ ಇದನ್ನೆಲ್ಲ ನಂಬ್ತೀರಾ?" ಅಂತ ಕೇಳಿದರೆ ನಾಲಿಗೆಯೇ ಹೊರಳುವುದಿಲ್ಲ. ನಕ್ಕು ಮಾತು ಮರೆಸುತ್ತೇನೆ. ಸಭಾಪಾಲಕರನ್ನು ಕೇಳಿದೆ. "ಪ್ರಾರ್ಥನೆಯಲ್ಲಿ ಜಾಸ್ತಿ ಹೊತ್ತು ಕಳೆಯಿರಿ, ಧೈರ್ಯ ತಾನಾಗಿ ಬರುತ್ತದೆ" ಅಂದರು. ತಾನಾಗಿ ಅಂದರೆ ಹೇಗೆ? ಬೆಳಿಗ್ಗೆ ಕೋಣೆಯಲ್ಲಿ ಒಬ್ಬನೇ ಕೂತು ಪ್ರಾರ್ಥಿಸುವುದಕ್ಕೂ ಮಧ್ಯಾಹ್ನ ನಾಲ್ಕು ಜನರ ಮುಂದೆ ಬಾಯಿ ಬಿಡುವುದಕ್ಕೂ ನಂಟು ಎಲ್ಲಿದೆ? ದಯವಿಟ್ಟು ಪ್ರಸಂಗ ಬೇಡ, ನಿಮಗೆ ಆದದ್ದು ಹೇಳಿ.

ಒಬ್ಬ ನರ್ಸ್

ನನ್ನ ಧೈರ್ಯ ಶುರುವಾದದ್ದೇ ದೇವರ ಮುಂದೆ. ಜನರ ಸರದಿ ಆಮೇಲೆ ಬಂತು. ಮೊದಲೆಲ್ಲ ನನ್ನ ಪ್ರಾರ್ಥನೆ ಬಹಳ ಚೆಂದ ಇರುತ್ತಿತ್ತು. ಸ್ತೋತ್ರ, ವಂದನೆ, ಮನೆಯವರ ಹೆಸರು, ಆಮೆನ್. ಒಳಗಿದ್ದ ಸಿಟ್ಟು, ದಿಗಿಲು ಯಾವುದೂ ಬಾಯಿಗೆ ಬರುತ್ತಿರಲಿಲ್ಲ. ಆಮೇಲೆ ಬೈಬಲಿನ ಕೀರ್ತನೆಗಳನ್ನೇ ಪ್ರಾರ್ಥನೆಯಾಗಿ ಓದಲು ಶುರು ಮಾಡಿದೆ. 13ನೇ ಕೀರ್ತನೆ ಶುರುವಾಗುವುದೇ ದೂರಿನಿಂದ: ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುತ್ತದೆ. ಹಾಗೆ ಕೇಳಬಹುದಾದರೆ ನಾನು ಯಾಕೆ ಬಣ್ಣ ಹಚ್ಚಿ ಮಾತಾಡಬೇಕು ಅನಿಸಿತು. ಅಲ್ಲಿಂದ ಪ್ರಾರ್ಥನೆ ಉದ್ದವಾಯಿತು. ಹೇಳುವುದಕ್ಕೆ ಈಗ ನಿಜವಾದ ವಿಷಯ ಇತ್ತಲ್ಲ!

ಬದಲಾವಣೆ ಗೊತ್ತಾದದ್ದು ಒಂದು ರಾತ್ರಿ ಡ್ಯೂಟಿಯಲ್ಲಿ. ಡ್ರಿಪ್ ಬದಲಿಸುತ್ತಿದ್ದೆ. ಮಲಗಿದ್ದ ಅಜ್ಜ ಕಣ್ಣು ಬಿಟ್ಟು, "ಸಿಸ್ಟರ್, ಸತ್ತ ಮೇಲೆ ಏನಾದ್ರೂ ಇದೆಯಾ?" ಅಂದರು. ಹಿಂದೆ ಆಗಿದ್ದರೆ "ಸುಮ್ನೆ ಮಲಗಿ ಅಜ್ಜ, ಎಲ್ಲ ಸರಿಹೋಗುತ್ತೆ" ಅಂತ ಹೊದಿಕೆ ಎಳೆದು ಹೊರಟುಬಿಡುತ್ತಿದ್ದೆ. ಆವತ್ತು ಗ್ಲೌಸ್ ಕಳಚಿ, ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತೆ. "ಇದೆ ಅಂತ ನಂಬ್ತೀನಿ ಅಜ್ಜ. ಯೇಸು ಸತ್ತು ಎದ್ದು ಬಂದರು, ಅದಕ್ಕೇ ನಂಬ್ತೀನಿ. ನಿಮಗೆ ಯಾಕೆ ಹಾಗನ್ನಿಸ್ತು?" ಅಂದೆ. ನಾನು ಆಡಿದ ಮಾತು ಅಷ್ಟೇ. ಮಿಕ್ಕ ಹೊತ್ತೆಲ್ಲ ಅವರೇ ಮಾತಾಡಿದರು. ಎದೆ ಡವಡವ ಅನ್ನುತ್ತಲೇ ಇತ್ತು, ಈಗಲೂ ಅನ್ನುತ್ತದೆ. ಆದರೆ ಎದ್ದು ಹೋಗಬೇಕು ಅನಿಸಲಿಲ್ಲ. ಇಂಥ ಪ್ರಶ್ನೆಯನ್ನು ದೇವರ ಮುಂದಿಟ್ಟು ಉತ್ತರ ಸಿಗದೆ ಕೂರುವುದು ಅಷ್ಟು ಹೊತ್ತಿಗೆ ರೂಢಿಯಾಗಿತ್ತು.

ಭಾನುವಾರದ ಮಕ್ಕಳ ತರಗತಿ ತೆಗೆದುಕೊಳ್ಳುವವರು

ಬ್ರದರ್, ಪ್ರಸಂಗ ಬೇಡ ಅಂದಿದ್ದೀರಿ. ಆದರೂ ಒಂದು ಅಧ್ಯಾಯ ಹೇಳದೆ ಬಿಡಲಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳು 4. ಯೇಸುವಿನ ಶಿಷ್ಯರಾದ ಪೇತ್ರ, ಯೋಹಾನರನ್ನು ಯೆಹೂದ್ಯರ ಹಿರೀಸಭೆಯ ಮುಂದೆ ವಿಚಾರಣೆಗೆ ನಿಲ್ಲಿಸಿದ್ದಾರೆ. ಹೆಚ್ಚು ಓದಿಲ್ಲದ ಇವರಿಗೆ ಇಷ್ಟು ಧೈರ್ಯ ಎಲ್ಲಿಂದ ಅಂತ ಅಲ್ಲಿದ್ದವರಿಗೇ ಆಶ್ಚರ್ಯ. ಇವರು ಯೇಸುವಿನ ಸಂಗಡ ಇದ್ದವರು ಅಂತ ಆಗ ಗುರುತು ಹಿಡಿದರು. ಅದು 13ನೇ ವಚನ.

ಅಲ್ಲಿಂದ ಬಿಡಿಸಿಕೊಂಡು ಬಂದ ಮೇಲೆ ಏನು ಪ್ರಾರ್ಥಿಸಿದರು ನೋಡಿ. ಬೆದರಿಕೆ ಹಾಕಿದವರನ್ನು ಸುಮ್ಮನಾಗಿಸು ಅಂತ ಕೇಳಲೇ ಇಲ್ಲ. ಅವರ ಬೆದರಿಕೆಯನ್ನು ನೀನು ನೋಡು, ನಿನ್ನ ವಾಕ್ಯವನ್ನು ನಾವು ಧೈರ್ಯವಾಗಿ ಹೇಳುವ ಹಾಗೆ ಮಾಡು ಅಂತ ಕೇಳಿದರು. ಆಗಷ್ಟೇ ಅಷ್ಟು ಧೈರ್ಯ ತೋರಿಸಿ ಬಂದವರು ಮತ್ತೆ ಧೈರ್ಯವನ್ನೇ ಬೇಡುತ್ತಾರೆ. ನನಗೆ ಇದು ದೊಡ್ಡ ಸಮಾಧಾನ. ನಿನ್ನೆಯ ಧೈರ್ಯ ಇವತ್ತಿಗೆ ಸಾಲದು ಅನ್ನುವುದು ಅಪೊಸ್ತಲರಿಗೂ ಇತ್ತು.

ಇದೇ ಪೇತ್ರ ಕೆಲವು ವಾರಗಳ ಹಿಂದೆ ಹೇಗಿದ್ದ? ಯೇಸುವಿಗೆ "ನಿನ್ನ ಜೊತೆ ಸಾಯುವುದಕ್ಕೂ ಸಿದ್ಧ" ಅಂದಿದ್ದ. ಗೆತ್ಸೇಮನೆ ತೋಟದಲ್ಲಿ ಯೇಸು ಎಚ್ಚರವಾಗಿದ್ದು ಪ್ರಾರ್ಥಿಸಿರಿ ಅಂದರೆ ನಿದ್ದೆ ಹೋದ. ಎದ್ದವನೇ ಯೇಸುವನ್ನು ಹಿಡಿಯಲು ಬಂದವರ ಮೇಲೆ ಕತ್ತಿ ಬೀಸಿದ. ಬೆಳಗಾಗುವುದರೊಳಗೆ ಒಬ್ಬ ದಾಸಿ ಕೇಳಿದ್ದಕ್ಕೇ "ಆತನನ್ನು ನಾನರಿಯೆ" ಅಂದುಬಿಟ್ಟ. ಹುಮ್ಮಸ್ಸಿಗೇನೂ ಕಡಿಮೆ ಇರಲಿಲ್ಲ, ನೋಡಿ. ಹಾಗಂತ ನಡುವೆ ಆದದ್ದು ಪ್ರಾರ್ಥನೆ ಒಂದೇ ಅನ್ನುವುದಿಲ್ಲ. ಎದ್ದು ಬಂದ ಯೇಸುವನ್ನು ಕಂಡ, ಕ್ಷಮೆ ಸಿಕ್ಕಿತು, ಪವಿತ್ರಾತ್ಮನು ಇಳಿದು ಬಂದನು. ಆದರೆ ಆ ದಿನಕ್ಕಾಗಿ ಅವರು ಕಾದದ್ದು ಮೇಲಂತಸ್ತಿನ ಕೋಣೆಯಲ್ಲಿ, ಎಲ್ಲರೂ ಒಟ್ಟಾಗಿ ಪ್ರಾರ್ಥಿಸುತ್ತಾ.

ಇನ್ನೊಬ್ಬರು

ದಾನಿಯೇಲ 6:10 ಕೂಡ ಸೇರಿಸಿಕೊಳ್ಳಿ. ರಾಜನನ್ನು ಬಿಟ್ಟು ಬೇರೆಯವರಿಗೆ ಪ್ರಾರ್ಥಿಸಿದವರನ್ನು ಸಿಂಹದ ಗುಹೆಗೆ ಹಾಕುತ್ತೇವೆ ಅನ್ನುವ ಆಜ್ಞೆ ಬಂದ ಮೇಲೂ ದಾನಿಯೇಲ ದಿನಕ್ಕೆ 3 ಸಲ ಮೊಣಕಾಲೂರಿದ, ಮೊದಲು ಮಾಡುತ್ತಿದ್ದ ಹಾಗೆಯೇ. ಆವತ್ತಿಗೆ ಅಂತ ಹೊಸದಾಗಿ ಏನೂ ಶುರು ಮಾಡಲಿಲ್ಲ.

ಸ್ವಲ್ಪ ಬೇರೆ ಅಭಿಪ್ರಾಯದವರು

ಎಲ್ಲರೂ ಪ್ರಾರ್ಥನೆ ಜಾಸ್ತಿ ಆದರೆ ಧೈರ್ಯ ಜಾಸ್ತಿ ಅನ್ನುತ್ತಿದ್ದೀರಿ. ತಾಸುಗಟ್ಟಲೆ ಪ್ರಾರ್ಥಿಸಿ, ಹೊರಗೆ ಬಂದು ಎದುರಿನವರ ಮೇಲೆ ಹರಿಹಾಯುವವರನ್ನೂ ನಾನು ನೋಡಿದ್ದೇನೆ. ಅದನ್ನು ಧೈರ್ಯ ಅಂತ ಅವರೇ ಕರೆದುಕೊಳ್ಳುತ್ತಾರೆ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸಾತ್ವಿಕತೆಯಿಂದ ಕೊಡಿ ಅಂತ ಬರೆದವನೂ ಪೇತ್ರನೇ, ಅದೇ ಕತ್ತಿಯ ಪೇತ್ರ. ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಇನ್ನೊಬ್ಬರ ಮಾತು ಕೇಳುವ ತಾಳ್ಮೆ ಜಾಸ್ತಿ ಆಗಿದೆಯಾ ನೋಡಿಕೊಳ್ಳಿ. ಆಗಿಲ್ಲದಿದ್ದರೆ ನಾವು ದೇವರ ಮುಂದೆ ಬರೀ ನಮ್ಮದನ್ನೇ ಹೇಳಿಕೊಂಡು ಬಂದಿದ್ದೇವೆ, ಅಲ್ವಾ?

ಕೇಳಿದವರು

ಒಳ್ಳೆಯ ಮಾತು. ಹಾಗಾದರೆ ದಿನಕ್ಕೆ ಎಷ್ಟು ಹೊತ್ತು? ನಿಮ್ಮಲ್ಲಿ ಯಾರೂ ಅದನ್ನು ಹೇಳಲಿಲ್ಲ.

ಲೆಕ್ಕಪತ್ರ ನೋಡುವವರೊಬ್ಬರು

ಲೆಕ್ಕದವನೇ ಹೇಳುತ್ತೇನೆ, ಗಡಿಯಾರ ನೋಡಬೇಡಿ. ಆದರೆ ದಿನ ಬಿಡಬೇಡಿ. ಬೈಬಲಿನಲ್ಲಿ ಪರ್ಷಿಯದ ರಾಜ ಅರ್ತಷಸ್ತ "ನಿನಗೇನು ಬೇಕು" ಅಂತ ಕೇಳಿದಾಗ ಅವನ ಸೇವಕನಾದ ನೆಹೆಮೀಯ ನಿಂತ ನಿಲುವಿನಲ್ಲೇ ಪ್ರಾರ್ಥಿಸಿ, ತಕ್ಷಣ ಉತ್ತರ ಕೊಟ್ಟ. ಒಂದು ಉಸಿರಿನ ಪ್ರಾರ್ಥನೆ. ಅದರ ಹಿಂದೆ ಯೆಹೂದ್ಯರ ಕಿಸ್ಲೇವ್ ತಿಂಗಳಿನಿಂದ ನೀಸಾನ್ ತಿಂಗಳವರೆಗೆ ಸುಮಾರು 4 ತಿಂಗಳು ಕಳೆದಿದ್ದವು. ಯೆರೂಸಲೇಮ್ ಹಾಳುಬಿದ್ದಿದೆ ಅಂತ ಕೇಳಿ ಅಳುವಿನಲ್ಲಿ, ಉಪವಾಸದಲ್ಲಿ ಶುರುವಾದ ತಿಂಗಳುಗಳು. ನನ್ನ ಬುದ್ಧಿಗೆ, ಆ ಉದ್ದದ ಪ್ರಾರ್ಥನೆ ಇದ್ದುದರಿಂದಲೇ ಈ ಗಿಡ್ಡ ಪ್ರಾರ್ಥನೆ ಸಾಕಾಯಿತು.

ನಾನು ಮಾಡುವುದು ಇಷ್ಟು: ಯಾರ ಮುಂದೆ ನನಗೆ ಹೆದರಿಕೆಯೋ ಅವರ ಹೆಸರು ಹೇಳಿ ಅವರ ಒಳಿತಿಗೆ ಪ್ರಾರ್ಥಿಸುತ್ತೇನೆ. ಅವರ ಮಕ್ಕಳು, ಅವರ ಆರೋಗ್ಯ, ಎಲ್ಲ. ಮೊದಮೊದಲು ಬಾಯಿಮಾತಿಗೆ. ಹೋಗ್ತಾ ಹೋಗ್ತಾ ಅವರೂ ನನ್ನ ಹಾಗೆ ಮನುಷ್ಯರೇ ಅನಿಸತೊಡಗುತ್ತದೆ. ಒಮ್ಮೆ ಮೇಲಧಿಕಾರಿ ಒಂದು ಬಿಲ್ ಮುಂದಿಟ್ಟು ಹಳೆಯ ತಾರೀಕು ಹಾಕಲು ಹೇಳಿದರು. "ಸರ್, ಈ ತಾರೀಕು ನಾನು ಹಾಕಲ್ಲ. ಬೇರೆ ಏನು ದಾರಿ ಇದೆ ಅಂತ ನೋಡಿಕೊಡ್ತೀನಿ" ಅಂದೆ. ದನಿ ಏರಿಸಲಿಲ್ಲ. ಅವರ ಮೇಲೆ ಆ ಹೊತ್ತಿಗೆ ದ್ವೇಷವೇ ಇರಲಿಲ್ಲ, ಅದೇ ನನಗೆ ಆಶ್ಚರ್ಯ. ಪವಾಡ ಏನೂ ಆಗಲಿಲ್ಲ, ಹೇಳಿಬಿಡುತ್ತೇನೆ. ಆ ಕೆಲಸ ನನ್ನ ಕೈ ತಪ್ಪಿತು, ಬಡ್ತಿಯೂ ಹಿಂದೆ ಬಿತ್ತು. ವಿಶ್ವಾಸದ ಧೈರ್ಯ ಅಂದರೆ ಬರೀ ಸುವಾರ್ತೆ ಹೇಳುವುದು ಅಂದುಕೊಂಡಿದ್ದರೆ ಇದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಿ.

ಚರಿತ್ರೆ ಓದುವ ಹವ್ಯಾಸದವರು

ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರ ಒಂದು ರಾತ್ರಿ ನೆನಪಾಯಿತು. 1956ರ ಜನವರಿ 27, ಮಾಂಟ್‌ಗೊಮರಿ. ಬಸ್ಸಿನಲ್ಲಿ ಬಣ್ಣದ ಭೇದ ಮಾಡುವುದರ ವಿರುದ್ಧ ಬಸ್ ಬಹಿಷ್ಕಾರ ನಡೆಯುತ್ತಿದೆ. ನಡುರಾತ್ರಿ ಫೋನಿನಲ್ಲಿ ಕೊಲೆ ಬೆದರಿಕೆ. ನಿದ್ದೆ ಹತ್ತದೆ ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡರು, ಮೇಜಿನ ಮುಂದೆ ತಲೆ ತಗ್ಗಿಸಿ ಗಟ್ಟಿಯಾಗಿ ಪ್ರಾರ್ಥಿಸಿದರು. ನನಗೆ ಹೆದರಿಕೆಯಾಗಿದೆ, ಇನ್ನು ಒಬ್ಬನೇ ನಿಲ್ಲಲಾರೆ ಅನ್ನುವುದೇ ಆ ಪ್ರಾರ್ಥನೆ. ದೇವರು ಜೊತೆಗಿದ್ದಾರೆ ಅನ್ನುವುದು ಆವತ್ತಿನಷ್ಟು ಯಾವತ್ತೂ ಗೊತ್ತಾಗಿರಲಿಲ್ಲ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. 30ನೇ ತಾರೀಕು ಅವರ ಮನೆಗೆ ಬಾಂಬ್ ಬಿತ್ತು. ಹೆಂಡತಿ, ಮಗು ಒಳಗಿದ್ದರು, ಇಬ್ಬರಿಗೂ ಏನೂ ಆಗಲಿಲ್ಲ. ಸಿಟ್ಟಿಗೆದ್ದು ಸೇರಿದ ಜನರಿಗೆ ಅವರು ಮನೆಯ ಮುಂದೆಯೇ ನಿಂತು, ಆಯುಧ ಇದ್ದರೆ ಮನೆಗೆ ಒಯ್ಯಿರಿ, ಶತ್ರುಗಳನ್ನು ಪ್ರೀತಿಸಬೇಕು ಅಂದರು. ಮೇಲೆ ಒಬ್ಬರು ತಾಳ್ಮೆಯ ಮಾತು ಎತ್ತಿದರಲ್ಲ, ಅದಕ್ಕೆ ಇದು ಹೊಂದುತ್ತದೆ.

ವಯಸ್ಸಾದ ಒಬ್ಬ ಅಕ್ಕ

ತಮ್ಮಾ, ಒಬ್ಬನೇ ಪ್ರಾರ್ಥಿಸಿ ಒಬ್ಬನೇ ಧೈರ್ಯ ತಂದುಕೊಳ್ಳಬೇಕು ಅಂತ ಎಲ್ಲೂ ಬರೆದಿಲ್ಲ. ಅಪೊಸ್ತಲ ಪೌಲನಂಥ ಪೌಲನೇ ಬೇಡಿಯಲ್ಲಿದ್ದುಕೊಂಡು ಎಫೆಸ ಊರಿನ ವಿಶ್ವಾಸಿಗಳಿಗೆ, ನಾನು ಧೈರ್ಯವಾಗಿ ಮಾತಾಡುವ ಹಾಗೆ ನನಗೋಸ್ಕರ ಪ್ರಾರ್ಥಿಸಿರಿ ಅಂತ ಬರೆದ. ನನಗೆ ಬಾಯಿ ಬರದಿದ್ದಾಗೆಲ್ಲ ಇಬ್ಬರು ಗೆಳತಿಯರಿಗೆ ಹೇಳಿಕೊಳ್ಳುತ್ತಿದ್ದೆ, ಈಗಲೂ ಹೇಳಿಕೊಳ್ಳುತ್ತೇನೆ. ನಿನ್ನ ಜೊತೆ ಕೆಲಸ ಮಾಡುವವರಲ್ಲಿ ಯಾರು ಜಾಸ್ತಿ ಕೇಳುತ್ತಾರೋ ಅವರ ಬಗ್ಗೆ ಎರಡು ಸಾಲು ಬರಿ. ಹೆಸರು ಬೇಡ. ಯಾವ ದಿನ ಅವರ ಜೊತೆ ಕೂರುತ್ತೀಯೋ ಅದನ್ನೂ ಹೇಳು. ಆವತ್ತು ಬೆಳಿಗ್ಗೆ ನಾನು ಪ್ರಾರ್ಥಿಸುತ್ತೇನೆ, ಮೇಲೆ ಬರೆದವರಲ್ಲಿ ಇನ್ನೊಂದಿಬ್ಬರು ಸೇರಿಕೊಂಡರೆ ಒಳ್ಳೆಯದು.